ಕಡಲ್ಕೊರೆತ ವಿಮೆಯ ಹೊರಗೇ ಉಳಿದದ್ದೇಕೆ

ಕಳೆದ ಮಳೆಗಾಲದಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಕಡಲ ಬದಿಯಲ್ಲಿರುವ ನನ್ನ ಸೋದರಮಾವನ ಮನೆಯ ಹಿಂದಿನ ಗೋಡೆ ಕುಸಿದಾಗ, ವಿಮಾಪತ್ರವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಂಗಳದ ಅಂಚಿನ ತೆಂಗಿನ ಬೇರುಗಳು ಹೊರಗೆ ನೇತಾಡುತ್ತಿದ್ದವು. ಪಂಚಾಂಗದ, ಅಂದರೆ ಅಡಿಪಾಯದ, ಕೆಂಪುಕಲ್ಲಿನಡಿ ತೋಳು ತೂರಿಸುವಷ್ಟು ಮರಳು ಕೊಚ್ಚಿಹೋಗಿತ್ತು.

“ಗಾಳಿ, ನೆರೆ, ಗುಡ್ಡ ಜರಿಯುವುದು ಎಲ್ಲ ಇದರಲ್ಲಿ ಉಂಟಲ್ಲ ಮಗಾ, ಕಡಲು ಮಾತ್ರ ಯಾಕಿಲ್ಲ?” ಎಂದು ಮಾವ ಕೇಳಿದರು.

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯು ಬೆಂಕಿ, ಭೂಕಂಪ, ಚಂಡಮಾರುತ, ನೆರೆ, ಭೂಕುಸಿತಗಳಿಗೆ ಪರಿಹಾರ ಕೊಡುತ್ತದೆ; ಆದರೆ ಭೂಕುಸಿತದ ಕಲಮಿನಲ್ಲಿಯೇ ಕಡಲು ಮತ್ತು ಹೊಳೆಯ ಕೊರೆತವನ್ನು ಹೊರಗಿಟ್ಟಿದೆ. ವಿಮೆಗೆ ಒಳಪಡುವ ಅಪಾಯವು ಆಕಸ್ಮಿಕವಾಗಿರಬೇಕು, ಅದರ ನಷ್ಟವನ್ನು ಅಳೆಯಲು ಸಾಧ್ಯವಾಗಬೇಕು, ಮತ್ತು ಪ್ರೀಮಿಯಂ ಕಟ್ಟಿದವರೆಲ್ಲರಿಗೂ ಅದು ಒಮ್ಮೆಗೇ ತಟ್ಟಬಾರದು. ಸಾವಿರ ಮನೆಗಳಲ್ಲಿ ಒಂದರ ಅಡುಗೆಕೋಣೆಗೆ ಬೆಂಕಿ ಬಿದ್ದರೆ ಉಳಿದವರ ಹಣದಿಂದ ಅದನ್ನು ಕಟ್ಟಿಕೊಡಬಹುದು. ವರ್ಷವರ್ಷವೂ ದಡವನ್ನು ತಿನ್ನುವ ಕಡಲ ವಿಷಯದಲ್ಲಿ ಮನೆ ಬೀಳುವುದೋ ಇಲ್ಲವೋ ಎಂಬ ಸಂದೇಹವೇ ಇಲ್ಲ, ಯಾವಾಗ ಎಂಬುದಷ್ಟೇ ಪ್ರಶ್ನೆ. ಗುಡ್ಡದ ಮೇಲಿನವರು ಅಂಥ ವಿಮೆಯನ್ನು ಕೊಳ್ಳುವುದೂ ಇಲ್ಲ.

ಚಂಡಮಾರುತವೂ ಊರಿಗೆ ಊರನ್ನೇ ಕೆಡವುತ್ತದೆ, ನಿಜ. ಆದರೆ ಅದು ಎಲ್ಲಿ, ಯಾವ ವರ್ಷ ಬಡಿಯುವುದೆಂದು ತಿಳಿಯದಿರುವುದರಿಂದ, ಕಂಪನಿಗಳು ತಮ್ಮ ಹೊರೆಯ ಒಂದು ಪಾಲನ್ನು ಮರುವಿಮೆಯ, ಅಂದರೆ ವಿಮಾ ಕಂಪನಿಗಳೇ ಕೊಳ್ಳುವ ವಿಮೆಯ, ಮೂಲಕ ಜಿಐಸಿ ರೀಯಂತಹ ಮರುವಿಮಾ ಸಂಸ್ಥೆಗಳಿಗೆ ದಾಟಿಸುತ್ತವೆ. ನಿಗದಿತ ಮಿತಿ ಮೀರಿದ ನಷ್ಟವನ್ನು ಮರುವಿಮೆದಾರರು ಹೊರುತ್ತಾರೆ. ಹಾಗಿದ್ದೂ, 1992ರಲ್ಲಿ ಆಂಡ್ರ್ಯೂ ಚಂಡಮಾರುತವು ಅಮೆರಿಕದ ಫ್ಲಾರಿಡಾಕ್ಕೆ ಅಪ್ಪಳಿಸಿದಾಗ ಹಲವು ವಿಮಾ ಕಂಪನಿಗಳೇ ದಿವಾಳಿಯಾದವು. ಯುದ್ಧ ಮತ್ತು ಅಣು ಅವಘಡಗಳನ್ನಂತೂ ಈ ಪಾಲಿಸಿಯು ನೇರವಾಗಿಯೇ ಹೊರಗಿಡುತ್ತದೆ.

ಲೆಕ್ಕದ ದೃಷ್ಟಿಯಿಂದ ಈ ಗೆರೆ ಸರಿ ಎಂದೇ ನಾನು ಒಪ್ಪುತ್ತೇನೆ. ನನ್ನ ತಕರಾರು ಇರುವುದು ಗೆರೆ ಮಸುಕಾಗುವ ಜಾಗದಲ್ಲಿ. ಒಂದೇ ರಾತ್ರಿಯ ಬಿರುಗಾಳಿಯಲ್ಲಿ ಎದ್ದ ಅಲೆ, ಹತ್ತು ವರ್ಷಗಳಿಂದ ಸವೆದ ಅಡಿಪಾಯದ ಮೇಲಿನ ಗೋಡೆಯನ್ನು ಕೆಡವಿದರೆ, ಅದು ಬಿರುಗಾಳಿಯ ನಷ್ಟವೋ ಕೊರೆತದ ನಷ್ಟವೋ? ಮಾವನ ಮನೆಗೆ ನಷ್ಟದ ಅಂದಾಜಿಗೆ ಬಂದ ವಿಮಾ ಸರ್ವೇಯರ್ ಕೊರೆತವೆಂದು ಬರೆದರು, ಕ್ಲೇಮು ತಿರಸ್ಕೃತವಾಯಿತು. ಕಡಲ ಬದಿಯವರು ಮಳೆಗೆ ಮುನ್ನ ಗೋಡೆ, ಪಂಚಾಂಗಗಳ ಫೋಟೋಗಳನ್ನು ದಿನಾಂಕ ಸಹಿತ ತೆಗೆದಿಡಬೇಕು, ಗಾಳಿಯ ದಿನದ ಹವಾಮಾನ ಮುನ್ನೆಚ್ಚರಿಕೆಯನ್ನೂ ಜೋಪಾನವಾಗಿಡಬೇಕು. ನಮ್ಮಲ್ಲಿ ಅವೆರಡೂ ಇರಲಿಲ್ಲ.

ವಿಮೆ ಕೈಬಿಟ್ಟಲ್ಲಿ ಉಳಿಯುವುದು ಸರ್ಕಾರ. ದಡದಿಂದ 50 ಮೀಟರಿನೊಳಗಿರುವ ಮೀನುಗಾರ ಕುಟುಂಬಗಳಿಗೆ ಬೇರೆಡೆ ಜಾಗ ಮತ್ತು ಮನೆಗಾಗಿ 10 ಲಕ್ಷ ರೂಪಾಯಿ ಕೊಡುವ ‘ಪುನರ್ಗೇಹಂ’ ಯೋಜನೆ ಕೇರಳದಲ್ಲಿದೆ. ಅದರ ಅರ್ಜಿ ಮಾವನ ಮೇಜಿನ ಮೇಲಿದೆ. ದೋಣಿ ಎಳೆದಿಡುವಷ್ಟು ಹತ್ತಿರದಲ್ಲಿ ಜಾಗ ಸಿಗುವವರೆಗೆ ಸಹಿ ಹಾಕುವುದಿಲ್ಲ ಎಂದಿದ್ದಾರೆ.