ಒಂದಾದರೂ ಗುಳಿಗೆ ಕಂಡುಹಿಡಿದೆಯಾ?

ಇಲ್ಲ. ನಾನು ಕಂಡುಹಿಡಿದ ಗುಳಿಗೆ ಯಾವ ಮೆಡಿಕಲ್ ಶಾಪಿನಲ್ಲೂ ಇಲ್ಲ. ಮುಂದೆ ಬರುತ್ತದೆ ಅಂತ ಮಾತು ಕೊಡಲೂ ಆಗುವುದಿಲ್ಲ.

ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಹಳೆಯ ಮೇಷ್ಟ್ರು, ಮದುವೆ ಮನೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತವರು, ಅಪ್ಪನ ಹತ್ತಿರ ಭತ್ತದ ರೇಟು ಮಾತಾಡಲು ಬಂದವರು, ಎಲ್ಲರದ್ದೂ ಒಂದೇ ಪ್ರಶ್ನೆ. "ಇಷ್ಟು ವರ್ಷ ಓದಿದಿ, ಒಂದರ ಗುಳಿಗಿ ಕಂಡು ಹಿಡ್ದಿಯೇನವಾ?" ಕೊಟ್ಟ ಸಾಲ ವಾಪಸ್ ಕೇಳುವ ಧಾಟಿ ಅದು. ನನಗೆ ಸಿಟ್ಟು ಬರುವುದು ಆ ಧಾಟಿಗೆ. ಇಲ್ಲ ಅಂದ ಕೂಡಲೇ ಮುಂದಿನದು ತಯಾರಿರುತ್ತದೆ: "ಮತ್ತ ದಿನಾ ಏನ್ ಮಾಡ್ತಿ ಅಲ್ಲಿ?" ಅದಕ್ಕೆ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ತಮ್ಮ ಶುಗರಿಗೆ ಯಾವ ಗುಳಿಗೆ ಒಳ್ಳೆಯದು ಅಂತ ಕೇಳಿರುತ್ತಾರೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಡಾಕ್ಟರನ್ನೇ ಕೇಳಿ.

ನಾನು ಆರ್ಗ್ಯಾನಿಕ್ ಕೆಮಿಸ್ಟ್. ಬಿಎಸ್ಸಿ ರಾಯಚೂರಿನಲ್ಲಿ, ಎಂಎಸ್ಸಿ ಕಲಬುರಗಿಯಲ್ಲಿ, ಪಿಎಚ್‌ಡಿ ಬೆಂಗಳೂರಿನಲ್ಲಿ, ಈಗ ಕೆಲಸ ಹೈದರಾಬಾದಿನಲ್ಲಿ. ಔಷಧಿ ಆಗಬಹುದಾದ ಅಣುಗಳನ್ನು ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ರಿಯಾಕ್ಷನ್ ಇಡುತ್ತೇನೆ. ನಡುನಡುವೆ ಅದರ ಒಂದು ಹನಿಯನ್ನು ಟಿಎಲ್‌ಸಿ ಪ್ಲೇಟಿನ ಮೇಲೆ, ಅಂದರೆ ಬೆರೆತ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಯಾಗಿ ತೋರಿಸುವ ತಗಡಿನ ಮೇಲೆ ಇಟ್ಟು, ಅದನ್ನು ಯುವಿ ದೀಪದ ಕೆಳಗೆ ಹಿಡಿದು ನೋಡುತ್ತೇನೆ. ಹಾಕಿದ ವಸ್ತು ಮುಗಿಯಿತಾ, ಬೇಕಾದದ್ದು ಹುಟ್ಟಿತಾ, ಬೇಡದ್ದು ಎಷ್ಟು ಸೇರಿಕೊಂಡಿದೆ ಅಂತ ಗೊತ್ತಾಗುತ್ತದೆ. ಆಮೇಲೆ ಸಿಲಿಕಾ ಪುಡಿ ತುಂಬಿದ ಕೊಳವೆಯಲ್ಲಿ ಬೇರ್ಪಡಿಸಿ, ಸಾಲ್ವೆಂಟ್ ತೆಗೆದು, ಉಳಿದ ಚೂರು ಪುಡಿಯನ್ನು ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರಕ್ಕೆ ಕೊಡುತ್ತೇನೆ. ನಾವು ಕಾಗದದ ಮೇಲೆ ಬರೆದ ಅಣುವೇ ಬಂದಿದೆಯಾ ಅಂತ ಅದು ಹೇಳುತ್ತದೆ. ಬಂದಿದ್ದರೆ ಜೀವಶಾಸ್ತ್ರದವರಿಗೆ ಹೋಗುತ್ತದೆ. ಅವರು ಪರೀಕ್ಷೆ ಮಾಡಿ ಕಳಿಸುವ ಉತ್ತರ ಬಹಳ ಸಲ "ಕೆಲಸ ಮಾಡಲಿಲ್ಲ" ಅಂತಲೇ ಇರುತ್ತದೆ. ಮತ್ತೆ ಒಂದು ತುದಿ ಬದಲಾಯಿಸಿ ಹೊಸದು ಮಾಡುತ್ತೇನೆ.

ನಮ್ಮಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: 5,000ದಿಂದ 10,000 ಅಣು ಮಾಡಿದರೆ ಒಂದು ಔಷಧಿ ಆಗುತ್ತದೆ. ಅದಕ್ಕೂ 10 ವರ್ಷಕ್ಕಿಂತ ಜಾಸ್ತಿ ಬೇಕು. ಅಂದರೆ ಬಹುಪಾಲು ಕೆಮಿಸ್ಟ್‌ಗಳು ಒಂದೂ ಔಷಧಿ ನೋಡದೇ ರಿಟೈರ್ ಆಗುತ್ತಾರೆ. ಅವರು ಸುಮ್ನೆ ಕೂತಿದ್ದರು ಅಂತ ಅರ್ಥ ಅಲ್ಲ.

ಇದೆಲ್ಲ ಬರೆಯಬೇಕು ಅನ್ನಿಸಿದ್ದು ಮಾನ್ವಿ ಕಡೆಯ ಒಂದು ಕುಬಸದ ಮನೆಯಲ್ಲಿ. ಊಟ ಆಗಿತ್ತು. ಸೋದರಮಾವ ಎಲ್ಲರ ಮುಂದೆ ಅದೇ ಪ್ರಶ್ನೆ ಎತ್ತಿದರು. ಪಡಸಾಲೆಯಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು. ನಾನು ಏನೋ ಹೇಳುವಷ್ಟರಲ್ಲಿ ಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದರು. ಆನೆಕಾಲು ರೋಗದ ಗುಳಿಗೆ ಹಂಚುವ ವಾರ ಅದು. ಮನೆಮನೆಗೆ ಹೋಗಿ, ವಯಸ್ಸು ಕೇಳಿ, ಎದುರಿಗೇ ನುಂಗಿಸಬೇಕು. ಬಸುರಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ, ಜೋರು ಕಾಯಿಲೆ ಇದ್ದವರಿಗೆ ಕೊಡುವುದಿಲ್ಲ. ಮಾವನಿಗೆ ಇದರಲ್ಲಿ ಯಾವುದೂ ಇರಲಿಲ್ಲ.

"ನನಗೇನ್ ಆಗ್ಯದ? ಇಲ್ಲಿ ಕೊಡು, ರಾತ್ರಿ ತಗೋತೀನಿ."

"ಇಲ್ರೀ, ನಮ್ಮ ಎದುರಿಗೇ ನುಂಗಬೇಕ್ರಿ."

ಮಾವ ಗುಳಿಗೆ ಇಸಿದುಕೊಂಡು ಅಂಗಿ ಜೇಬಿಗೆ ಹಾಕಿಕೊಂಡರು. ಆಕೆ ಇನ್ನೊಂದು ಸಲ ಹೇಳಿದರು. ಹಿರಿಯರ ಮುಂದೆ ಇನ್ನೇನು ಮಾಡಿಯಾರು? ಮುಂದಿನ ಮನೆಗೆ ಹೋದರು. ಮರುದಿನ ಅತ್ತೆ ಬಟ್ಟೆ ಒಗೆಯುವಾಗ ಜೇಬಿನಲ್ಲಿ ಬಿಳಿ ರಾಡಿ ಸಿಕ್ಕಿತು.

ಯಾವ ಗುಳಿಗೆ ಕಂಡುಹಿಡಿದೆ ಅಂತ ನನ್ನನ್ನು ಕೇಳಿದ ಮನುಷ್ಯ, ಯಾರೋ ಕಷ್ಟಪಟ್ಟು ಕಂಡುಹಿಡಿದು ಮನೆಬಾಗಿಲಿಗೆ ಬಂದ ಗುಳಿಗೆಯನ್ನು ನೀರುಪಾಲು ಮಾಡಿದರು. ಅವತ್ತು ನಾನು ಮಾವನ ಎದುರು ಕೂತು ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ.

ದೊಡ್ಡವರಿಗೆ ಕೊಡುವ ಆ ಮೂರು ಗುಳಿಗೆಯ ಹೆಸರು ಡೈಈಥೈಲ್ ಕಾರ್ಬಮಜೀನ್. ಚಿಕ್ಕದಾಗಿ ಡಿಇಸಿ. ಜೊತೆಗೆ ಒಂದು ಆಲ್ಬೆಂಡಜೋಲ್ ಇರುತ್ತದೆ. ಕ್ಯೂಲೆಕ್ಸ್ ಸೊಳ್ಳೆ ಕಚ್ಚಿದಾಗ ದಾರದಂಥ ಹುಳು ನಮ್ಮ ಮೈ ಸೇರುತ್ತದೆ. ಅದರ ಮರಿಗಳು ರಕ್ತದಲ್ಲಿ ಓಡಾಡುತ್ತವೆ, ಅದೂ ರಾತ್ರಿ ಹೊತ್ತು. ಅದಕ್ಕೇ ರಕ್ತದ ಪರೀಕ್ಷೆಗೆ ರಾತ್ರಿ ಬರುತ್ತಾರೆ. ಹುಳು ಇದ್ದವರಿಗೆ ವರ್ಷಗಟ್ಟಲೆ ಏನೂ ಗೊತ್ತಾಗದೇ ಇರಬಹುದು. ಕಾಲು ಬಾತು ದಪ್ಪವಾದ ಮೇಲೆ ಗುಳಿಗೆ ಅದನ್ನು ಮೊದಲಿನ ಹಾಗೆ ಮಾಡಲಾರದು. "ನನಗೇನ್ ಆಗ್ಯದ" ಅನ್ನುವವರೇ ನುಂಗಬೇಕಾದ ಗುಳಿಗೆ ಇದು. ನುಂಗಿದ ಮೇಲೆ ಕೆಲವರಿಗೆ ಸ್ವಲ್ಪ ಜ್ವರ, ತಲೆನೋವು ಬರುತ್ತದೆ. ಒಳಗಿನ ಹುಳು ಸಾಯುವಾಗ ಮೈ ತೋರಿಸುವ ಗುರುತು ಅದು. ಊರಲ್ಲಿ ಮಾತ್ರ "ಗುಳಿಗಿ ಕೆಟ್ಟದು" ಅಂತ ಸುದ್ದಿ ಹಬ್ಬುತ್ತದೆ.

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಿಗೆ ಈ ರೋಗ ತಗುಲಿತು. ಆಗ ಅಮೆರಿಕದ ಲೆಡರ್ಲೆ ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದವರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದವರು. ಅವರ ತಂಡ ಪೈಪರಾಜಿನ್ ಅನ್ನುವ ಚಿಕ್ಕ ಉಂಗುರ ಹಿಡಿಯಿತು. ಆರು ಪರಮಾಣುಗಳ ಉಂಗುರ, ಎದುರುಬದುರಾಗಿ ಎರಡು ನೈಟ್ರೋಜನ್. ಅವುಗಳಿಗೆ ಬೇರೆ ಬೇರೆ ಗುಂಪುಗಳನ್ನು ಜೋಡಿಸಿ ಹೊಸ ಹೊಸ ಅಣು ಮಾಡಿ, ಇಲಿ ಮತ್ತು ನಾಯಿಗಳಲ್ಲಿ ಪರೀಕ್ಷಿಸಿದರು. ಅದರಲ್ಲಿ ಗೆದ್ದದ್ದು ಡಿಇಸಿ. 1947ರಲ್ಲಿ ಪ್ರಕಟವಾಯಿತು. ಮರುವರ್ಷವೇ ಸುಬ್ಬರಾವ್ ತೀರಿಕೊಂಡರು.

ನಾವು ಸುಬ್ಬರಾವ್ ಹೆಸರು ಹೇಳುತ್ತೇವೆ, ಹೇಳಲೇಬೇಕು. ಆದರೆ ಆ ಪ್ರಬಂಧದ ಮೇಲೆ ಹೆವಿಟ್, ಕುಶ್ನರ್ ಮುಂತಾದವರ ಹೆಸರೂ ಇದೆ. ಸೋತ ಆ ಉಳಿದ ಅಣುಗಳನ್ನೂ ಯಾರೋ ರಾತ್ರಿ ಹಗಲು ಕೂತು ಮಾಡಿದ್ದರು ಅಲ್ವಾ? ಅವು ಸೋತದ್ದರಿಂದಲೇ ಯಾವ ಗುಂಪು ಎಲ್ಲಿ ಇರಬೇಕು ಅಂತ ತಿಳಿಯಿತು. ಮಾವ, ನಾನು ಆ ಉಳಿದವರ ಸಾಲಿನವಳು. ಆ ಸಾಲು ಇಲ್ಲದೆ ಮೊದಲನೆಯವರೂ ಇಲ್ಲ.

ಇನ್ನು ಡಿಇಸಿಯನ್ನು ಪುಕ್ಕಟೆ ಹಂಚಲು ಆಗುವುದಕ್ಕೆ ಒಂದು ಕಾರಣ, ಅದು ಚಿಕ್ಕ ಅಣು, ಮಾಡಲು ಸುಲಭ ಅನ್ನುವುದು. ಕೆಲವು ಔಷಧಿಗೆ 10 ಹಂತ ಬೇಕು. ಪ್ರತಿ ಹಂತದಲ್ಲಿ ನೂರಕ್ಕೆ 80 ಕೈಗೆ ಸಿಕ್ಕರೂ ಕೊನೆಗೆ ಉಳಿಯುವುದು ನೂರಕ್ಕೆ 11ಕ್ಕಿಂತ ಕಡಿಮೆ. ಪ್ರತಿ ಹಂತವನ್ನು 90ಕ್ಕೆ ಏರಿಸಿದರೆ ಕೊನೆಗೆ ಸುಮಾರು 35 ಸಿಗುತ್ತದೆ. ಇದಕ್ಕಾಗಿಯೇ ಇಡೀ ಜೀವನ ಕೊಟ್ಟ ಕೆಮಿಸ್ಟ್‌ಗಳಿದ್ದಾರೆ. ನಮ್ಮ ರಾಯಚೂರಿನಲ್ಲೇ ಕ್ಯಾನ್ಸರ್ ಔಷಧಿಗಳ ಮೂಲ ಪದಾರ್ಥ ತಯಾರಾಗುತ್ತದೆ. ಆ ಕಾರ್ಖಾನೆಗೆ ಶಿಫ್ಟಿಗೆ ಹೋಗುವ ಹುಡುಗರನ್ನು ಯಾರೂ ಏನೂ ಕೇಳುವುದಿಲ್ಲ, ಪಗಾರ ಎಷ್ಟು ಅನ್ನುವುದೊಂದನ್ನು ಬಿಟ್ಟು.

ನನ್ನನ್ನು ಏನು ಕೇಳಬೇಕಿತ್ತು ಅಂತ ಹೇಳಲಾ? "ಯಾವುದನ್ನು ನಿಲ್ಲಿಸಿದಿ? ಯಾಕೆ ನಿಲ್ಲಿಸಿದಿ?" ಇದನ್ನು ಕೇಳಿದರೆ ನಾನು ರಾತ್ರಿಯಿಡೀ ಮಾತಾಡಬಲ್ಲೆ.

ಟರ್ಫೆನಡಿನ್ ಅಂತ ಒಂದು ಅಲರ್ಜಿ ಗುಳಿಗೆ ಇತ್ತು. ಸೀನು, ತುರಿಕೆಗೆ ಜಗತ್ತಿನ ತುಂಬ ನುಂಗಿದರು. ಅದನ್ನು ಲಿವರ್ ಬೇಗ ಬದಲಾಯಿಸಿಬಿಡುತ್ತದೆ. ಆದರೆ ಎರಿಥ್ರೋಮೈಸಿನ್‌ನಂಥ ಬೇರೆ ಔಷಧಿ ಜೊತೆಗೆ ತಗೊಂಡರೆ ಲಿವರಿನ ಆ ಕೆಲಸ ನಿಧಾನವಾಗುತ್ತದೆ. ಆಗ ಟರ್ಫೆನಡಿನ್ ರಕ್ತದಲ್ಲಿ ಜಾಸ್ತಿಯಾಗಿ, ಹೃದಯದ ಜೀವಕೋಶಗಳಲ್ಲಿ ಪೊಟ್ಯಾಶಿಯಂ ಹಾದುಹೋಗುವ ಹರ್ಗ್ ಅನ್ನುವ ದಾರಿಯನ್ನು ಮುಚ್ಚುತ್ತದೆ. ಬಡಿತ ತಪ್ಪಿ ಜನ ಸತ್ತರು. 1998ರಲ್ಲಿ ಅಮೆರಿಕದಲ್ಲಿ ಅದನ್ನು ಹಿಂದಕ್ಕೆ ಪಡೆದರು. ಲಿವರ್ ಅದನ್ನು ಬದಲಾಯಿಸಿ ಮಾಡುತ್ತಿದ್ದ ವಸ್ತು ಫೆಕ್ಸೊಫೆನಡಿನ್. ಒಂದು ಮೀಥೈಲ್ ಇದ್ದ ಜಾಗದಲ್ಲಿ ಒಂದು ಆಮ್ಲದ ಗುಂಪು, ಅಷ್ಟೇ ವ್ಯತ್ಯಾಸ. ಅಲರ್ಜಿಗೆ ಕೆಲಸ ಮಾಡುತ್ತದೆ, ಹೃದಯದ ತಂಟೆಗೆ ಹೋಗುವುದಿಲ್ಲ. ಇವತ್ತು ನಮ್ಮೂರ ಮೆಡಿಕಲ್‌ನಲ್ಲೂ ಸಿಗುತ್ತದೆ.

ಹೊಸ ಅಣು ಆ ಹರ್ಗ್ ದಾರಿಯನ್ನು ಮುಚ್ಚುತ್ತದಾ ಅಂತ ಈಗ ಮೊದಲೇ ಪರೀಕ್ಷೆ ಮಾಡುತ್ತಾರೆ. ನನ್ನ ಅಣುಗಳೂ ಆ ಪರೀಕ್ಷೆಯಲ್ಲೇ ಸಿಕ್ಕಿಬಿದ್ದವು. ಕ್ಷಯದ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತಿದ್ದವು. ಅವುಗಳಲ್ಲಿ ಒಂದು ನೈಟ್ರೋಜನ್ ಇತ್ತು. ಅದಿದ್ದರೆ ಹೃದಯಕ್ಕೆ ಅಪಾಯ, ತೆಗೆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಆ ನೈಟ್ರೋಜನ್ನಿನ ಶಕ್ತಿ ತಗ್ಗಿಸಿ ನೋಡಿದೆವು, ಜಾಗ ಬದಲಿಸಿ ನೋಡಿದೆವು, ಪಕ್ಕದಲ್ಲಿ ಫ್ಲೋರಿನ್ ಇಟ್ಟು ನೋಡಿದೆವು. ಎರಡೂ ಒಟ್ಟಿಗೆ ಸರಿಹೋಗಲಿಲ್ಲ. ಕೊನೆಗೆ ನಿಲ್ಲಿಸಿದೆವು. ಹೀಗೆ ನಿಲ್ಲಿಸಿದ್ದರಿಂದ ಯಾರ ಎದೆಬಡಿತವೂ ತಪ್ಪಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಹೆಮ್ಮೆಪಡುವ ಕೆಲಸ ಇದು.

ಗೆದ್ದದ್ದು, ಸೋತದ್ದು ಎಲ್ಲವನ್ನೂ ಹರ್ಗ್ ಸಂಖ್ಯೆಗಳ ಸಮೇತ ಪ್ರಬಂಧದಲ್ಲಿ ಹಾಕಿದ್ದೇವೆ. ಅದನ್ನು ಓದಿದ ಬೇರೆ ಲ್ಯಾಬಿನ ಹುಡುಗಿಯೊಬ್ಬಳು ಮೇಲ್ ಮಾಡಿದ್ದಾಳೆ. ಫ್ಲೋರಿನ್ ಇಟ್ಟ ಅಣುವನ್ನು ಯಾವ ದಾರಿಯಲ್ಲಿ ಮಾಡಿದಿರಿ, ಮೂರನೇ ಹಂತದಲ್ಲಿ ಇಳುವರಿ ಯಾಕೆ ಬಿತ್ತು ಅಂತ ಕೇಳಿದ್ದಾಳೆ. ಅವಳಿಗೆ ಉದ್ದನೆಯ ಉತ್ತರ ಬರೆಯುತ್ತಿದ್ದೇನೆ.