ಅಜ್ಜನ ಪ್ರಸಂಗ ಪುಸ್ತಕಗಳು: ಕಟ್ಟು 3 ಅಳಿಯಿತು, ಕಟ್ಟು 4 ಉಳಿಯಿತು

ಜೂನ್ 8

ಅಜ್ಜನ ಯಕ್ಷಗಾನ ಪ್ರಸಂಗ ಪುಸ್ತಕಗಳ ಆರೂ ಕಟ್ಟುಗಳ ಸ್ಕ್ಯಾನ್ ಒಂದೇ ಗಿಟ್ ರೆಪೊದಲ್ಲಿದೆ (ಗಿಟ್ ಎಂದರೆ ಫೈಲುಗಳ ಬದಲಾವಣೆಗಳ ಇತಿಹಾಸ ಕಾಯುವ ತಂತ್ರಾಂಶ, ರೆಪೊ ಅದರ ಭಂಡಾರ). ಹಳೇ ಲ್ಯಾಪ್‌ಟಾಪಿನಲ್ಲಿ ಅಷ್ಟಕ್ಕೂ ಜಾಗ ಸಾಲದು. ಅದಕ್ಕೇ ಸ್ಪಾರ್ಸ್ ಚೆಕ್‌ಔಟ್ ಹಾಕಿಕೊಂಡು, ಕೆಲಸ ನಡೆಯುತ್ತಿರುವ ಕಟ್ಟುಗಳನ್ನು ಮಾತ್ರ ಇಳಿಸಿಕೊಳ್ಳುತ್ತೇನೆ. ಇವತ್ತು 3 ಮತ್ತು 4ನ್ನು ಬಿಟ್ಟು 5ಕ್ಕೆ ಹೋಗಲು 'ಗಿಟ್ ಸ್ಪಾರ್ಸ್-ಚೆಕ್‌ಔಟ್ ಸೆಟ್ ಕಟ್ಟು-5' ಅಂತ ಕೊಟ್ಟೆ. ಕಟ್ಟು-4ರಲ್ಲಿ ಅನ್‌ಟ್ರ್ಯಾಕ್ಡ್ ಫೈಲುಗಳಿವೆ (ಗಿಟ್‌ಗೆ ಸೇರಿಸದ ಫೈಲುಗಳು) ಎಂದು ಒಂದು ಎಚ್ಚರಿಕೆ ಬಂತು. ಕಟ್ಟು-3ರ ಬಗ್ಗೆ ಒಂದಕ್ಷರವೂ ಬರಲಿಲ್ಲ.

ರಾತ್ರಿ ನೋಡಿದರೆ ಕಟ್ಟು-3ರ ಫೋಲ್ಡರೇ ಇಲ್ಲ. ಅದರೊಳಗಿನ 'ಕೆಲಸ' ಫೋಲ್ಡರಿನಲ್ಲಿ, ಚಿತ್ರದಲ್ಲಿರುವ ಅಕ್ಷರ ಓದುವ ತಂತ್ರಾಂಶವಾದ ಟೆಸರಾಕ್ಟ್‌ಗೆ ಕಲಿಸಲೆಂದು ನಾನು ಕೈಯಾರೆ ತಿದ್ದಿದ 212 ಸಾಲುಗಳಿದ್ದವು. ಹಳೇ ಅಚ್ಚಿನ ಅರ್ಕಾವತ್ತು ಅದರ ಕಣ್ಣಿಗೆ ಕನ್ನಡದ ಒಂಬತ್ತರಂತೆ ಕಾಣುತ್ತದೆ. 'ಧರ್ಮ' ಎಂಬುದು 'ಧಮ೯' ಆಗುತ್ತದೆ. ಅಂಥವನ್ನು ಒಂದೊಂದಾಗಿ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸರಿ ಮಾಡಿದ್ದೆ. ಕಮಿಟ್ ಆಗಿ ಗಿಟ್‌ನ ಇತಿಹಾಸಕ್ಕೆ ಸೇರಿರಲಿಲ್ಲವಾದ್ದರಿಂದ ಹಳೇ ಕಮಿಟ್‌ಗಳ ಜಾಡು ಇಡುವ ರಿಫ್‌ಲಾಗ್‌ನಲ್ಲಿ ಹುಡುಕಿ ಫಲವಿಲ್ಲ. ತುಂಬ ಬೇಜಾರಾಯಿತು.

ಜೂನ್ 10

ಕಾರಣ ಸಿಕ್ಕಿತು. 2021ರ ನವೆಂಬರಿನಲ್ಲಿ ಬಂದ ಗಿಟ್ 2.34ರಿಂದ, ಫೋಲ್ಡರುಗಳ ಲೆಕ್ಕದಲ್ಲಿ ಆರಿಸುವ ಕೋನ್ ಮೋಡ್‌ನ ನಡವಳಿಕೆಯೇ ಹೀಗೆ. ಹೊರಗುಳಿದ ಫೋಲ್ಡರಿನಲ್ಲಿ ಮಿಕ್ಕಿರುವುದೆಲ್ಲ, ಗಮನಿಸಬೇಡ ಎಂದು ಗಿಟ್‌ಗೆ ಹೇಳುವ ಗಿಟ್‌ಇಗ್ನೋರ್ ಪಟ್ಟಿಗೆ ಸೇರಿದ್ದಾದರೆ ಆ ಫೋಲ್ಡರನ್ನೇ ತೆಗೆದುಹಾಕುತ್ತದೆ. ಇಗ್ನೋರ್ ಆಗದ ಅನ್‌ಟ್ರ್ಯಾಕ್ಡ್ ಫೈಲು ಒಂದಿದ್ದರೂ ಅದನ್ನು ಮುಟ್ಟದೆ, ಎಚ್ಚರಿಸಿ ಬಿಡುತ್ತದೆ. ಕಟ್ಟು-4ರಲ್ಲಿ ನಾನು ಆಡ್ ಮಾಡಲು ಮರೆತ 'ಸಂಶಯಗಳು' ಎಂಬ ಟಿಪ್ಪಣಿ ಇತ್ತು. ಆ ಮೂರು ಸಾಲಿನ ಟಿಪ್ಪಣಿಯಿಂದಾಗಿ ಅಲ್ಲಿನ ತಿದ್ದುಪಡಿಗಳೆಲ್ಲ ಉಳಿದವು.

ಗಿಟ್ ಮಾಡಿದ್ದು ತಪ್ಪು ಅಂತ ನನಗನ್ನಿಸುವುದಿಲ್ಲ. ಬಿಲ್ಡ್ ಕಸ (ಪ್ರೋಗ್ರಾಂ ಕಟ್ಟುವಾಗ ಹುಟ್ಟುವ ಫೈಲುಗಳು) ಬಿದ್ದಿರುವ ಫೋಲ್ಡರುಗಳು ಉಳಿದುಕೊಂಡರೆ ಹೊರಗುಳಿದ ಫೋಲ್ಡರನ್ನು ಒಂದೇ ನಮೂದಾಗಿ ಇಡುವ ಸ್ಪಾರ್ಸ್ ಇಂಡೆಕ್ಸಿನ ವೇಗ ಸಿಗುವುದಿಲ್ಲ. ಆದರೆ 'ಟ್ರ್ಯಾಕ್ ಮಾಡಬೇಡ, ಅಳಿಸಲೂ ಬೇಡ' ಎಂದು ಹೇಳಲು ಅದರಲ್ಲಿ ದಾರಿಯಿಲ್ಲ. ಇಗ್ನೋರ್ ಎಂದರೆ ಬಿಸಾಡಬಹುದಾದದ್ದು ಎಂದೇ ಅದರ ಲೆಕ್ಕ. ತಿದ್ದಿದ ಸಾಲುಗಳನ್ನು ನಾನು ಆ ಪಟ್ಟಿಗೆ ಸೇರಿಸಲೇಬಾರದಿತ್ತು.

ಜೂನ್ 15

'ಗಿಟ್ ಚೆಕ್-ಇಗ್ನೋರ್ -ವಿ' ಕೊಟ್ಟಾಗ ಯಾವ ಸಾಲಿನ ನಿಯಮದಿಂದ ಇಗ್ನೋರ್ ಆಗುತ್ತಿದೆ ಎಂದು ತಿಳಿಯಿತು: 'ಕೆಲಸ/'. ಕೆಳಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ತಿದ್ದಿದ ಫೈಲುಗಳಿಗೆ ವಿನಾಯಿತಿ ಬರೆದೆ, ಕೆಲಸ ಮಾಡಲಿಲ್ಲ. ಫೋಲ್ಡರೇ ಇಗ್ನೋರ್ ಆದ ಮೇಲೆ ಗಿಟ್ ಅದರೊಳಕ್ಕೆ ಇಣುಕುವುದೂ ಇಲ್ಲ. '**/ಕೆಲಸ/*' ಎಂದು ಬದಲಿಸಿ, ಅದರ ಕೆಳಗೆ '!**/ಕೆಲಸ/*.ಜಿಟಿ.ಟಿಎಕ್ಸ್‌ಟಿ' ಬರೆದ ಮೇಲೆ ಸರಿಹೋಯಿತು. ಚಿತ್ರದ ತುಣುಕುಗಳು ಇಗ್ನೋರ್ ಆಗಿಯೇ ಉಳಿದವು, ತಿದ್ದಿದ ಪಠ್ಯವೆಲ್ಲ ಕಮಿಟ್ ಆಯಿತು.

ಈಗ ಕಟ್ಟು ಬದಲಿಸುವ ಮುಂಚೆ 'ಗಿಟ್ ಸ್ಟೇಟಸ್ --ಇಗ್ನೋರ್ಡ್' ಓಡಿಸಿ ಪಟ್ಟಿಯನ್ನು ಪೂರ್ತಿ ಓದುತ್ತೇನೆ.

ಜೂನ್ 22

ಕಟ್ಟು-3 ಮತ್ತೆ ಇಳಿಸಿಕೊಂಡು ಮೊದಲಿನಿಂದ ಶುರು ಮಾಡಿದ್ದೇನೆ. 64 ಸಾಲು ಮುಗಿದಿದೆ, ಅಷ್ಟೂ ಕಮಿಟ್ ಆಗಿದೆ. ಮೊದಲ ಸಲ 'ಪ್ರಾರ್ಥಿಸಿ' ಎಂದು ಓದಿಕೊಂಡಿದ್ದ ಪದ ಪುಸ್ತಕದಲ್ಲಿ 'ಪ್ರಾರ್ಥಿಪೆ' ಎಂದಿದೆ. ಇವತ್ತು ಗಮನಿಸಿದೆ.