ಕಾಣೆಯಾದ ಕಸದ ಡಬ್ಬಿ

ಗೇಟಿನ ಪಕ್ಕದಲ್ಲಿಟ್ಟಿದ್ದ ನಮ್ಮ ಕಸದ ಡಬ್ಬಿ ಹೋದ ಮಂಗಳವಾರ ಕಾಣೆಯಾಯಿತು. ಕಸ ಒಯ್ಯಬೇಕಾದವರು ಡಬ್ಬಿಯನ್ನೇ ಒಯ್ದರೋ, ದಾರಿಹೋಕರು ಯಾರಾದರೂ ಎತ್ತಿಕೊಂಡರೋ, ದೇವರೇ ಬಲ್ಲ. ಅದು ಕೂರುತ್ತಿದ್ದ ಜಾಗದಲ್ಲಿ ಈಗ ಒಂದು ದುಂಡನೆಯ ಕಲೆ ಮಾತ್ರ ಉಳಿದಿದೆ.

ಸ್ಥಳೀಯ ಆಡಳಿತದ ಕಚೇರಿಗೆ ಫೋನ್ ಮಾಡಿದೆ. ಯಾವ ಬಣ್ಣ ಎಂದರು. ಹಸಿರು. ಗುರುತು ಏನಾದರೂ ಇದೆಯೇ? ಮುಚ್ಚಳದ ಒಂದು ಕಡೆ ಮುರಿದು, ನಾನೇ ತಂತಿ ಸುತ್ತಿದ್ದೆ. ಹೇಳುತ್ತಾ ಹೋದಂತೆ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಚಹರೆ ಬರೆಸುತ್ತಿದ್ದೇನೇನೋ ಅನ್ನಿಸಿತು. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡ ಆ ಪುಣ್ಯಾತ್ಮರು ಕೊನೆಗೆ, "ಕಳವಾಗಿದ್ದರೆ ಪೊಲೀಸರಿಗೆ ಹೇಳಿ" ಎಂದರು. ಪೊಲೀಸರು "ಕಸದ ಡಬ್ಬಿಯೇ?" ಎಂದು ಎರಡು ಸಲ ಕೇಳಿ, ಮತ್ತೆ ಕಚೇರಿಗೇ ಬರೆಯಿರಿ ಎಂದರು.

ಬರೆದೆ. ಬಾಯಿಮಾತಿನ ದೂರಿಗೆ ಕೈಕಾಲಿಲ್ಲ. ಬರೆದು ಕೊಟ್ಟು ಸಂಖ್ಯೆ ಪಡೆದರೆ ಮಾತ್ರ ಅದು ಮೇಜಿನಿಂದ ಮೇಜಿಗೆ ನಡೆಯುತ್ತದೆ. ಅರ್ಜಿಯಲ್ಲಿ ಡಬ್ಬಿಯ ಸಂಖ್ಯೆಗೆಂದು ಒಂದು ಖಾಲಿ ಜಾಗವಿತ್ತು. ವರ್ಷಗಟ್ಟಲೆ ದಿನವೂ ಮುಟ್ಟಿದ ವಸ್ತು, ಅದರ ಮೈಮೇಲೆ ಅಚ್ಚಾಗಿದ್ದ ಅಂಕಿಗಳನ್ನು ಒಮ್ಮೆಯೂ ಓದಿರಲಿಲ್ಲ. ಒಂದು ಫೋಟೋ ಕೂಡ ಇಲ್ಲ. ನನ್ನದೆಂದು ಇಷ್ಟು ಹಟ ಹಿಡಿದಿರುವ ಡಬ್ಬಿ ನನ್ನದೇ ಎನ್ನಲು ನನ್ನ ಬಳಿ ಇರುವ ಪುರಾವೆ ಆ ತಂತಿಯೊಂದೇ!

ಈಗ ಸಂಜೆ ವಾಕಿಂಗ್ ಹೊರಟರೆ ಕಣ್ಣು ಮನುಷ್ಯರ ಮೇಲಿಲ್ಲ, ಎಲ್ಲರ ಡಬ್ಬಿಗಳ ಮುಚ್ಚಳದ ಮೇಲೆ. ತಂತಿ ಸುತ್ತಿದ್ದು ಇನ್ನೂ ಕಂಡಿಲ್ಲ.